ಕಾಲು ತೊಳೆದು ಕೊಟ್ಟ ನೆಲ, ಕತ್ತಿ ತೊಳೆದು ಕೊಟ್ಟ ನೆಲ

ಶಾಲೆಯಲ್ಲಿ ‘ಊಳಿಗಮಾನ್ಯ ಪದ್ಧತಿ’ಯ ಪಾಠ ಓದದೆ ಬಂದ ಕನ್ನಡಿಗರು ಕಡಿಮೆ. ಯೂರೋಪಿನ ದೊರೆ, ಅವನಿಂದ ನೆಲ ಪಡೆದು ಅವನಿಗಾಗಿ ಕಾದುವ ಸರದಾರ, ಆ ಸರದಾರನ ಕಲ್ಲುಕೋಟೆ, ಕೋಟೆಯ ಸುತ್ತಿನ ಹೊಲದಲ್ಲಿ ದುಡಿಯುವ ಜೀತದಾಳು, ಇವರೆಲ್ಲರಿಗೂ ಪರಲೋಕದ ದಾರಿ ಹೇಳುವ ಮಠದ ಸನ್ಯಾಸಿ. ಪಾಠದಲ್ಲಿ ಬರುವವರೆಲ್ಲ ದೂರದವರು, ಪಾಠದ ಹೆಸರು ಮಾತ್ರ ನಮ್ಮ ನೆಲದ್ದು. ಊಳಿಗ ಮಾಡಿದವನಿಗೆ ಕಂದಾಯವಿಲ್ಲದೆ ಬಿಟ್ಟುಕೊಟ್ಟ ಜಮೀನೇ ಊಳಿಗಮಾನ್ಯ. ಹಾಗಾದರೆ ಅದೇ ಕಾಲದಲ್ಲಿ, ಎಂದರೆ 9ರಿಂದ 13ನೆಯ ಶತಮಾನದ ನಡುವೆ, ಕನ್ನಡ ನಾಡಿನ ಒಡೆಯ, ಅವನ ಆಳು, ಮಠದ ಗುರು, ಕೋಟೆಯ ಕಾವಲಿನವ ಇವರೆಲ್ಲ ತಮ್ಮ ನಡುವಿನ ಕಟ್ಟುಪಾಡನ್ನು ಯಾವ ಮಾತಿನಲ್ಲಿ ಹೇಳಿಕೊಳ್ಳುತ್ತಿದ್ದರು? ಈ ಪ್ರಶ್ನೆಯೇ ನನ್ನನ್ನು ಶಾಸನ ಸಂಪುಟಗಳ ಕಪಾಟಿನ ಮುಂದೆ ಕೂರಿಸಿತು.

ಕಾವ್ಯಗಳನ್ನು ಬಿಟ್ಟು ಶಾಸನಗಳಿಗೆ ಹೋದದ್ದಕ್ಕೆ ಕಾರಣವಿದೆ. ಕವಿಗೆ ಶಬ್ದ ಅಲಂಕಾರವಾಗಬಹುದು. ಶಾಸನ ಬರೆಸಿದವನಿಗೆ ಅದು ಕರಾರು. ನೆಲ ಎಷ್ಟು, ಯಾರಿಗೆ, ಏತಕ್ಕೆ, ಯಾವ ಷರತ್ತಿನ ಮೇಲೆ ಎಂಬುದನ್ನು ಊರೆಲ್ಲ ಒಪ್ಪುವ ಮಾತಿನಲ್ಲೇ ಕಲ್ಲಿಗೆ ಹಾಕಬೇಕು. ಬಿ.ಎಲ್. ರೈಸ್ ಶಾಸನಗಳ ಮಾಲೆಯಾದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಮೂರನೆಯ ಸಂಪುಟವನ್ನು ಹೊರತಂದದ್ದು 1894ರಲ್ಲಿ. ಅದೇ ವರ್ಷ ಮಂಗಳೂರಿನಲ್ಲಿ ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾಯಿತು. ಕಿಟೆಲ್ ಬಹುಪಾಲು ಶಬ್ದಗಳನ್ನು ಕಾವ್ಯ, ವ್ಯಾಕರಣ, ಗಾದೆ, ಆಡುಮಾತುಗಳಿಂದ ಆಯ್ದರು. ಕಲ್ಲಿನ ಮೇಲಿನ ಕಾಳಗದ ಮಾತು, ದತ್ತಿಯ ಮಾತು ಬೇಕಾದವರು ಇವತ್ತಿಗೂ ಸಂಪುಟಗಳ ಮೂಲಪಾಠಕ್ಕೇ ಇಳಿಯಬೇಕು. ಹಾಗೆ ಇಳಿದಾಗ ನನ್ನನ್ನು ಮೊದಲು ಹಿಡಿದು ನಿಲ್ಲಿಸಿದ ಶಬ್ದ ‘ಬಾಳ್ಗಚ್ಚು’.

ಅದು ಸಿಕ್ಕುವುದು ಆತಕೂರಿನ ಶಾಸನದಲ್ಲಿ. ಆತಕೂರು ಇಂದಿನ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಊರು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಶಕವರ್ಷ 872, ಎಂದರೆ ಕ್ರಿ.ಶ. 949–50. ನಾಯಿಯ ಕಲ್ಲು ಎಂದೇ ಇದು ಹೆಸರಾಗಿದೆ, ಮೇಲ್ಭಾಗದಲ್ಲಿ ನಾಯಿಯೂ ಹಂದಿಯೂ ಕಾದುತ್ತಿರುವ ಚಿತ್ರವಿದೆ. ಆದರೆ ನಾಯಿಯ ಕಥೆಗೆ ಮುಂಚೆ ಒಂದು ಯುದ್ಧದ ಕಥೆಯಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರ ಮೇಲೆ ಬಿದ್ದ. ಅವನ ಕಡೆ ನಿಂತು ಕಾದಿದ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಇದಕ್ಕಾಗಿ ಕೃಷ್ಣ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300, ಕಿಸುಕಾಡು 70, ಬಾಗೆನಾಡು 70 ಎಂಬ ನಾಡುಗಳನ್ನು ಕೊಟ್ಟ. ಬೂತುಗನ ಮುಂದೆ ನಿಂತು ಇರಿದವನು ಮಣಲೆರ ಎಂಬ ಭಟ. ಅವನ ಕಲಿತನಕ್ಕೆ ಮೆಚ್ಚಿದ ಕೃಷ್ಣ ಏನು ಬೇಕೋ ಬೇಡಿಕೋ ಎಂದಾಗ ಮಣಲೆರ ಬೇಡಿದ್ದು ಅರಸನ ಬೇಟೆನಾಯಿಯನ್ನು. ಅದರ ಹೆಸರು ಕಾಳಿ. ಆ ಕಾಳಿಯನ್ನು ಬೆಳತೂರಿನ ಪಡುವಣ ದಿಬ್ಬದಲ್ಲಿ ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು, ಎರಡೂ ಒಟ್ಟಿಗೆ ಸತ್ತವು. ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಕೆರೆಯ ಕೆಳಗೆ ಎರಡು ಕಂಡುಗದ ಮಣ್ಣು ಬಿಟ್ಟರು. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ ಕಲ್ಲಿಗೆ ಪೂಜೆ ಮಾಡದೆ ಉಂಡರೆ ನಾಯಿಯ ಪಾಪ ಅವನಿಗೆ ಎಂಬ ಕಟ್ಟಳೆಯನ್ನೂ ಬರೆದರು.

ನಾಯಿಯ ಕಥೆ ಎಷ್ಟು ಮನಸ್ಸು ಹಿಡಿಯುತ್ತದೆಂದರೆ ಓದುಗರು ಅಲ್ಲಿಗೇ ನಿಂತುಬಿಡುತ್ತಾರೆ. ಆದರೆ ಅದೇ ಕಲ್ಲಿನಲ್ಲಿ ಬೂತುಗ ತನ್ನ ಆಳು ಮಣಲೆರನಿಗೆ ಆತಕೂರು 12 ಮೊದಲಾದ ನೆಲವನ್ನು ಕೊಟ್ಟ ಸಂಗತಿಯೂ ಇದೆ, ಅದನ್ನು ಬಾಳ್ಗಚ್ಚಾಗಿ ಕೊಟ್ಟ ಎನ್ನುತ್ತದೆ ಶಾಸನ. ಚಕ್ರವರ್ತಿ ಮಾಂಡಲಿಕನಿಗೆ ನಾಡುಗಳನ್ನು ಕೊಟ್ಟ, ಮಾಂಡಲಿಕ ತನ್ನ ಭಟನಿಗೆ ಹಳ್ಳಿಗಳನ್ನು ಕೊಟ್ಟ, ಕಡೆಗೆ ದೇವರ ಗೊರವನಿಗೆ ಎರಡು ಕಂಡುಗ ಗದ್ದೆ. ನೆಲ ಮೇಲಿನಿಂದ ಕೆಳಕ್ಕೆ ಇಳಿಯುವ ಮೆಟ್ಟಿಲುಗಳೆಲ್ಲ ಒಂದೇ ಕಲ್ಲಿನಲ್ಲಿ ಕಾಣುತ್ತವೆ. ನನ್ನ ಅರಿವಿನಲ್ಲಿ ಆ ಕಾಲದ ಅಧಿಕಾರದ ರಚನೆಯನ್ನು ಇಷ್ಟು ಚಿಕ್ಕ ಜಾಗದಲ್ಲಿ ಹಿಡಿದಿಟ್ಟ ದಾಖಲೆ ಕನ್ನಡದಲ್ಲಿ ಇನ್ನೊಂದಿಲ್ಲ.

ಬಾಳ್ಗಚ್ಚು ಎಂದರೇನು? ‘ಬಾಳ್’ ಎಂದರೆ ಕತ್ತಿ, ಅನುಮಾನವಿಲ್ಲ. ‘ಕಚ್ಚು’ ಎಂಬುದನ್ನು ಇಂದಿನ ಕನ್ನಡದವರು ಹಲ್ಲಿನಿಂದ ಕಚ್ಚುವುದೆಂದೇ ತಿಳಿಯುತ್ತೇವೆ, ದಾರಿ ತಪ್ಪುವುದು ಅಲ್ಲೇ. ಇತರ ಶಾಸನಗಳ ಹಳೆಯ ರೂಪಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ನಡುವೆ ಒಂದು ಅಕ್ಷರ ಸವೆದುಹೋದದ್ದು ಕಾಣುತ್ತದೆ: ೞ. ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ರಳ, ಕುಳ, ಕ್ಷಳಗಳ ಭೇದವನ್ನು ಪಟ್ಟಿಮಾಡಿ ತೋರಿಸಬೇಕಾಗಿ ಬಂದದ್ದೇ ಈ ಅಕ್ಷರ ಬಳಕೆಯಿಂದ ಜಾರುತ್ತಿದ್ದುದರಿಂದ. ಗೞ್ದೆ ಎಂಬುದು ಗರ್ದೆಯಾಗಿ ಗದ್ದೆಯಾದ ಹಾಗೆಯೇ ಕೞ್ಚು ಎಂಬುದು ಕರ್ಚು ಆಗಿ ಕಚ್ಚು ಆಯಿತು. ಕೞ್ಚು, ಕರ್ಚು ಎಂದರೆ ತೊಳೆ. ಬಾಳ್ಗಚ್ಚು ಎಂದರೆ ಕತ್ತಿ ತೊಳೆಯುವುದು. ಆತಕೂರಿನ ಶಾಸನವನ್ನು ಸಂಪಾದಿಸಿದ ಜೆ.ಎಫ್. ಫ್ಲೀಟ್ ಕೂಡ ಈ ಅರ್ಥವನ್ನೇ ಹಿಡಿದರು. ಕಾಳಗದಿಂದ ಗೆದ್ದು ಬಂದ ಆಳಿನ ಕತ್ತಿಯನ್ನು ಒಡೆಯ ತೊಳೆದು, ಆ ವಿಧಿಯ ಜೊತೆಗೆ ನೆಲವನ್ನು ಕೊಡುವುದು.

ಇಲ್ಲಿಗೆ ಬಂದ ಮೇಲೆ ಹುಡುಕಾಟ ಹೊಸ ದಿಕ್ಕಿಗೆ ತಿರುಗಿತು. ‘ಕರ್ಚು’ ಎಂಬ ಕ್ರಿಯಾಪದವನ್ನು ಬೆನ್ನುಹತ್ತಿ ಹೋದರೆ ಅದು ಸಾಲುಸಾಲಾಗಿ ಸಿಕ್ಕುವುದು ರಣರಂಗದಲ್ಲಿ ಅಲ್ಲ, ದೇವಾಲಯಗಳಲ್ಲಿ, ಬಸದಿಗಳಲ್ಲಿ, ಮಠಗಳಲ್ಲಿ. ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಆಚಾರ್ಯರ ‘ಕಾಲಂ ಕರ್ಚಿ’ ಧಾರಾಪೂರ್ವಕ ಮಾಡಿ ಕೊಟ್ಟರು ಎಂಬ ಒಕ್ಕಣೆ ಮತ್ತೆಮತ್ತೆ ಬರುತ್ತದೆ. ಶೈವ ಪಂಡಿತನೋ ಜೈನ ಮುನಿಯೋ, ಕೊಡುವ ವಿಧಿ ಒಂದೇ: ಪಡೆಯುವವನ ಕಾಲು ತೊಳೆ, ಕೈಗೆ ನೀರೆರೆ, ನೆಲ ಬಿಡು. ಗುರುವಿನ ಕಾಲು ತೊಳೆದ ಕ್ರಿಯಾಪದವೇ ಭಟನ ಕತ್ತಿಯನ್ನೂ ತೊಳೆದಿದೆ. ನಾನು ಬಹಳ ದಿನ ಈ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಯೋಚಿಸಿದ್ದೇನೆ. ಯೂರೋಪಿನ ಸಾಮಂತ ತನ್ನ ಎರಡೂ ಕೈ ಜೋಡಿಸಿ ಒಡೆಯನ ಕೈಗಳ ನಡುವೆ ಇಡುತ್ತಿದ್ದ, ಕೆಳಗಿನವನು ತನ್ನನ್ನು ಒಪ್ಪಿಸಿಕೊಳ್ಳುವ ವಿಧಿ ಅದು. ಇಲ್ಲಿ ಒಡೆಯನೇ ಕೈಗೆ ನೀರು ತೆಗೆದುಕೊಳ್ಳುತ್ತಾನೆ. ಗುರುವಿನ ಮುಂದೆ ತಲೆ ಬಾಗಿಸುವ ವಿಧಿಯನ್ನೇ ಅರಸನು ಆಳಿನ ಆಯುಧದ ಮುಂದೆಯೂ ಮಾಡಿದನೆಂದರೆ, ಆ ಆಯುಧಕ್ಕೆ ಸಮಾಜ ಕೊಟ್ಟ ಪಾವಿತ್ರ್ಯ ಎಷ್ಟಿರಬೇಕು! ಊಳಿಗ ಎಂಬ ತಣ್ಣಗಿನ ಮಾತಿನಲ್ಲಿ ಈ ಭಾವ ಹಿಡಿಯುವುದಿಲ್ಲ.

ಹಾಗೆಂದು ಮೇಲು ಕೀಳು ಇರಲಿಲ್ಲವೆಂದಲ್ಲ. ದೊಡ್ಡ ಶಾಸನಗಳ ಕಟ್ಟಡವೇ ಮೇಲು ಕೀಳಿನದು. ಮೊದಲು ಚಕ್ರವರ್ತಿಯ ಬಿರುದುಗಳು: ಸಮಸ್ತಭುವನಾಶ್ರಯ, ಶ್ರೀಪೃಥ್ವೀವಲ್ಲಭ, ಮಹಾರಾಜಾಧಿರಾಜ, ಪರಮೇಶ್ವರ, ಪರಮಭಟ್ಟಾರಕ. ಅದಾದ ಮೇಲೆ ಒಂದು ಕೀಲಿಶಬ್ದ: ತತ್ಪಾದಪದ್ಮೋಪಜೀವಿ, ಎಂದರೆ ಅವನ ಪಾದಕಮಲವನ್ನು ನೆಚ್ಚಿ ಬದುಕುವವನು. ಅಲ್ಲಿಂದ ಮಹಾಮಂಡಳೇಶ್ವರನ ಸರದಿ. ಅವನು ಸಮಧಿಗತಪಂಚಮಹಾಶಬ್ದ, ಎಂದರೆ ಶೃಂಗ, ತಮಟೆ, ಶಂಖ, ಭೇರಿ, ಜಯಘಂಟೆ ಎಂಬ ಐದು ವಾದ್ಯಗಳನ್ನು ನುಡಿಸಿಕೊಳ್ಳುವ ಹಕ್ಕು ಪಡೆದವನು. ಹಕ್ಕು ‘ಪಡೆದದ್ದು’ ಎಂಬುದನ್ನು ಗಮನಿಸಬೇಕು, ಸದ್ದು ಮಾಡುವುದಕ್ಕೂ ಮೇಲಿನಿಂದ ಅಪ್ಪಣೆ ಬೇಕಿತ್ತು. ಅವನ ಹೆಸರು ಮುಗಿದ ಮೇಲೆ ಮತ್ತೆ ತತ್ಪಾದಪದ್ಮೋಪಜೀವಿ, ಅವನ ಕೆಳಗಿನ ದಂಡನಾಯಕನೋ ಪೆರ್ಗಡೆಯೋ. ಕೊನೆಗೆ ಊರ ಗಾವುಂಡ. ಸಾಮಂತ ಎಂಬ ಶಬ್ದಕ್ಕೆ ಮೊದಲಿದ್ದ ಅರ್ಥ ನೆರೆಯವನು, ಗಡಿಯಾಚೆಯವನು. ನೆರೆಯವನು ಕೈಕೆಳಗಿನವನಾದ ಚರಿತ್ರೆ ಆ ಒಂದು ಶಬ್ದದೊಳಗೇ ಇದೆ. ಹಳೆಯ ಗೌರವವನ್ನು ಮಾತ್ರ ಅವರು ಬಿಡಲಿಲ್ಲ. ಹಾನಗಲ್ಲಿನಲ್ಲಿ ಕೂತ ಕದಂಬ ತನ್ನನ್ನು ಬನವಾಸಿಪುರವರಾಧೀಶ್ವರ ಎಂದುಕೊಂಡ, ಸವದತ್ತಿಯ ರಟ್ಟ ಲತ್ತಲೂರುಪುರವರಾಧೀಶ್ವರ ಎಂದುಕೊಂಡ. ಪೂರ್ವಿಕರ ಊರು ಬಿರುದಿನಲ್ಲಾದರೂ ಅವರ ಹತ್ತಿರ ಉಳಿಯಿತು.

ಗೆದ್ದು ಬಂದವನಿಗೆ ಬಾಳ್ಗಚ್ಚಾದರೆ ಸತ್ತವನಿಗೆ ಏನು? ಇದಕ್ಕೆ ಉತ್ತರ ಬೇಗೂರಿನ ಕಲ್ಲಿನಲ್ಲಿದೆ. ಅದೂ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲೇ ಇದೆ, ಕಾಳಗದ ಕೆತ್ತನೆಯ ಸೊಬಗಿಗೆ ಅದನ್ನು ಮೀರಿಸುವ ವೀರಗಲ್ಲು ವಿರಳ. ಗಂಗರ ಎರೆಯಪ್ಪನ ಪರವಾಗಿ ನಾಗತ್ತರ ತುಂಬೆಪಾಡಿಯಲ್ಲಿ ವೀರಮಹೇಂದ್ರನ ಪಡೆಯ ಎದುರು ಕಾದಿ ಮಡಿದ. ಸುದ್ದಿ ಕೇಳಿದ ಎರೆಯಪ್ಪ ನಾಗತ್ತರನ ಪಟ್ಟವನ್ನು ಇರುಗನಿಗೆ ಕಟ್ಟಿ, ಬೇಗೂರು ಸೇರಿದಂತೆ ಹನ್ನೆರಡು ಊರುಗಳನ್ನು ‘ಕಲ್ನಾಡು’ ಆಗಿ ಕೊಟ್ಟ. ಕಲ್ಲು ನೆಟ್ಟು ಕೊಟ್ಟ ನೆಲ ಎಂದು ಇದನ್ನು ಅರ್ಥೈಸುವುದು ವಾಡಿಕೆ. ಇದೇ ಊರಿನ ಇನ್ನೊಂದು ಕಲ್ಲು ‘ಬೆಂಗಳೂರ ಕಾಳಗ’ವನ್ನು ಹೆಸರಿಸುವುದರಿಂದ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ರಾಜಧಾನಿಯ ಹೆಸರಿನ ಹಳಮೆಗಾಗಿ ಮಾತ್ರ ಅದನ್ನು ಓದುವವರಿಗೆ ಒಂದು ಮಾತು: ಅದರಲ್ಲಿ ಸತ್ತವನು ನಾಗತ್ತರನ ಮನೆಮಗ. ಒಡೆಯನ ಮನೆಯಲ್ಲಿ ಅನ್ನವುಂಡು ಬೆಳೆದು ಅವನಿಗಾಗಿ ಪ್ರಾಣ ಕೊಡುವ ಆಳಿಗೆ ಆ ಕಾಲ ಇಟ್ಟ ಹೆಸರು ಅದು.

ಮುಂದಿನ ಶತಮಾನಗಳಲ್ಲಿ ಇನ್ನೂ ಬಿಚ್ಚುಮಾತು ಬಂತು: ನೆತ್ತರುಗೊಡಗೆ. ಊರಿಗಾಗಿ, ತುರುಗಳಿಗಾಗಿ, ಹೆಂಗಸರ ಮಾನಕ್ಕಾಗಿ ಕಾದಿ ಸತ್ತವನ ಹೆಂಡತಿ ಮಕ್ಕಳಿಗೆ ಬಿಟ್ಟ ಹೊಲ. ತಮಿಳು ಶಾಸನಗಳಲ್ಲಿ ಇದೇ ಬಗೆಯ ದತ್ತಿಗೆ ಉದಿರಪ್ಪಟ್ಟಿ ಎಂಬ ಹೆಸರಿದೆ, ಉದಿರ ಎಂದರೂ ರಕ್ತವೇ. ಭಾಷೆ ಬೇರೆಯಾದರೂ ಎರಡೂ ಕಡೆ ಜನ ಲೆಕ್ಕವನ್ನು ಒಂದೇ ರೀತಿ ಬರೆದಿದ್ದಾರೆ: ಹರಿದದ್ದು ನೆತ್ತರು, ಬಂದದ್ದು ನೆಲ.

ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ 1966ರಲ್ಲಿ ಬಂದಾಗಿನಿಂದ ಈ ದಾರಿಯಲ್ಲಿ ಹೋಗುವವರಿಗೆಲ್ಲ ಅದೇ ಕೈದೀಪ. ಅದನ್ನು ಹಿಡಿದು ಹೋದರೆ ಒಡೆಯ ಆಳುಗಳ ನಡುವಿನ ಋಣಕ್ಕೆ ಕನ್ನಡ ಎಷ್ಟು ನುಣುಪಾದ ಭೇದಗಳನ್ನು ಮಾಡಿಕೊಂಡಿತ್ತೆಂಬುದು ತಿಳಿಯುತ್ತದೆ. ಉಂಡ ಅನ್ನದ ಋಣಕ್ಕೆ ಜೋಳವಾಳಿ. ಪಂಪ ಕರ್ಣನ ಸಂದರ್ಭದಲ್ಲಿ ಬಳಸಿದ ಜೋಳದ ಪಾಳಿ ಇದೇ. ಕಾವ್ಯದ ಅತಿ ದೊಡ್ಡ ನಿಷ್ಠೆಗೆ ಪಂಪ ಊಟದ ಧಾನ್ಯದ ಹೆಸರನ್ನೇ ಆಯ್ದುಕೊಂಡ, ಏಕೆಂದರೆ ಅವನ ಸುತ್ತಲಿನ ಸೈನಿಕರು ಅದನ್ನೇ ಆಡುತ್ತಿದ್ದರು. ಆಳಾಗಿ ಸೇರಿದವನ ಕರ್ತವ್ಯಕ್ಕೆ ಲೆಂಕವಾಳಿ. ಎಲ್ಲಕ್ಕಿಂತ ಕಠಿಣವಾದದ್ದು ವೇಳೆವಾಳಿ: ಒಡೆಯ ಸತ್ತ ವೇಳೆಗೆ ತಾನೂ ಸಾಯುತ್ತೇನೆಂಬ ಮಾತು ಕೊಟ್ಟವನ ವ್ರತ.

ಆ ಮಾತನ್ನು ನಡೆಸಿಕೊಟ್ಟವರ ಕಲ್ಲುಗಳ ಮುಂದೆ ನಿಲ್ಲುವುದು ಸುಲಭವಲ್ಲ. ತಿ. ನರಸೀಪುರ ತಾಲ್ಲೂಕಿನ ದೊಡ್ಡಹುಂಡಿಯ ಕಲ್ಲು 9ನೆಯ ಶತಮಾನದ್ದು. ಗಂಗರ ನೀತಿಮಾರ್ಗ ಸಾವಿನ ಹಾಸಿಗೆಯಲ್ಲಿದ್ದಾನೆ, ಮನೆಮಗ ಅಗರಯ್ಯ ಅವನನ್ನು ಆತುಕೊಂಡಿದ್ದಾನೆ, ಮಗ ಸತ್ಯವಾಕ್ಯ ಬಳಿಯಲ್ಲಿ ನಿಂತಿದ್ದಾನೆ. ಅಗರಯ್ಯ ‘ಕೀಳ್ಗುಂಟೆ’ಯಾದ ಎನ್ನುತ್ತದೆ ಬರಹ. ಕೀಳ್ ಎಂದರೆ ಕೆಳಗೆ, ಗುಂಟೆ ಎಂದರೆ ಗುಂಡಿ. ಒಡೆಯನ ದೇಹದ ಕೆಳಗೆ ತಾನು ಮಣ್ಣಾಗುವುದು. ಹೊಯ್ಸಳರ ಕಾಲಕ್ಕೆ ಈ ವ್ರತದವರು ಗರುಡರೆನಿಸಿಕೊಂಡರು, ವಿಷ್ಣುವಿಗೆ ಗರುಡ ಹೇಗೋ ಅರಸನಿಗೆ ತಾವು ಹಾಗೆ ಎಂಬ ಭಾವ. ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿ ಒಂದೇ ವಂಶದ ಗರುಡರು ತಲೆಮಾರಿನ ನಂತರ ತಲೆಮಾರು ಹೊಯ್ಸಳ ದೊರೆಗಳ ಜೊತೆ ಸತ್ತದ್ದಕ್ಕೆ ಸಾಕ್ಷಿಯಾಗಿ ಕಂಬಗಳು ನಿಂತಿವೆ, ತುದಿಯಲ್ಲಿ ಆನೆಗಳು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಪಕ್ಕದ ಕಂಬ ಕುವರ ಲಕ್ಷ್ಮನದು. ಇಮ್ಮಡಿ ಬಲ್ಲಾಳ 1220ರಲ್ಲಿ ತೀರಿದಾಗ ಈ ದಂಡನಾಯಕ, ಅವನ ಹೆಂಡತಿ ಸುಗ್ಗಲೆ, ಅವನ ಪಡೆಯ ವೀರರು ಪ್ರಾಣ ಬಿಟ್ಟರು. ಕಂಬದ ಸುತ್ತ ತಮ್ಮ ತಲೆಯನ್ನು ತಾವೇ ಅರಿದುಕೊಳ್ಳುತ್ತಿರುವ ಆಳುಗಳ ಕೆತ್ತನೆಯಿದೆ. ಹಳೇಬೀಡಿಗೆ ಹೋಗುವ ಪ್ರವಾಸಿಗರು ಹೊರಗೋಡೆಯ ಶಿಲ್ಪಗಳನ್ನು ಕಣ್ತುಂಬ ನೋಡಿ ಈ ಕಂಬವನ್ನು ದಾಟಿ ಹೋಗುತ್ತಾರೆ. ದಾಟಬಾರದು. ವೇಳೆವಾಳಿಯ ವ್ರತ ಬಾಯಿಮಾತಿನಲ್ಲಿ ನಿಲ್ಲಲಿಲ್ಲವೆಂಬುದನ್ನು ಆ ಕಂಬ ತೋರಿಸುತ್ತದೆ. ಗಂಡನ ಜೊತೆ ಹೊರಟ ಸುಗ್ಗಲೆಗೆ ಬೇರೆ ದಾರಿ ಇತ್ತೇ ಎಂದು ನಾವು ಕೇಳಿಕೊಳ್ಳಲೂಬೇಕು.

ಇಂಥ ಮಾತುಗಳು ದಂಡಿನೊಳಗೇ ಉಳಿಯಲಿಲ್ಲ. ಅರಮನೆಯಲ್ಲಿ ವೀಳ್ಯದ ಚೀಲಕ್ಕೆ ಹಡಪ ಎನ್ನುತ್ತಿದ್ದರು, ಅದನ್ನು ಹಿಡಿದವನು ಅರಸನಿಗೆ ತೀರ ಹತ್ತಿರದವನು, ಹಡಪವಳ ಎಂಬುದು ದೊಡ್ಡ ಹುದ್ದೆ. ಅದೇ ಮಾತು ಬಸವಣ್ಣನವರ ಸಂಗಾತಿ ಹಡಪದ ಅಪ್ಪಣ್ಣನ ಹೆಸರಿನಲ್ಲಿ ಭಕ್ತಿಯ ಲೋಕಕ್ಕೆ ಬಂತು. ವೀರಶೈವರ ಪಂಚಾಚಾರಗಳಲ್ಲಿ ಒಂದು ಭೃತ್ಯಾಚಾರ, ಭೃತ್ಯ ಎಂದರೆ ಆಳೇ. ಓಲಗ ಎಂದರೆ ಅರಸನ ಸಭೆ, ಅಲ್ಲಿನ ಸೇವೆ. ಈಗ ದೇವರ ಮುಂದೆ, ಮದುವೆಯ ಚಪ್ಪರದಲ್ಲಿ ಊದುವ ವಾದ್ಯಕ್ಕೆ ಓಲಗ ಎನ್ನುತ್ತೇವೆ. ದೇವರಿಗೂ ಅರಸನಂತೆಯೇ ಅಂಗಭೋಗ, ರಂಗಭೋಗ. ನಂದಾದೀವಿಗೆಗೆ ಎಣ್ಣೆ, ಚೈತ್ರಪವಿತ್ರದ ಉತ್ಸವಗಳಿಗೆ ಹಣ, ಖಂಡಸ್ಫುಟಿತಜೀರ್ಣೋದ್ಧಾರಕ್ಕೆ ಎಂದರೆ ಒಡೆದದ್ದು ಬಿರಿದದ್ದನ್ನು ಸರಿಮಾಡಿಸುವುದಕ್ಕೆ ಹೊಲ. ಕಡೆಯ ಮಾತನ್ನು ದತ್ತಿಗಳಲ್ಲಿ ಮತ್ತೆಮತ್ತೆ ಬರೆಸಿದವರ ದೂರದೃಷ್ಟಿಗೆ ನಾನು ತಲೆಬಾಗುತ್ತೇನೆ. ಕಟ್ಟಿದ ದಿನವೇ ಅವರು ರಿಪೇರಿಯ ಖರ್ಚನ್ನು ಎತ್ತಿಟ್ಟರು.

ಮಠದ ಮಾತಿಗೆ ಬಂದರೆ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಗೆ ಹೋಗಲೇಬೇಕು. ಅಲ್ಲಿನ ಕೋಡಿಯ ಮಠದ 1162ರ ಶಾಸನ ಕಾಳಾಮುಖ ಗುರುಗಳ ಆ ಸಂಸ್ಥೆಯನ್ನು ವರ್ಣಿಸುವ ರೀತಿಯನ್ನು ಕನ್ನಡದ ಪ್ರತಿ ಪಠ್ಯಪುಸ್ತಕವೂ ಹೇಳಬೇಕು. ಅಲ್ಲಿ ವೇದ ಶಾಸ್ತ್ರಗಳ ಜೊತೆಗೆ ಹಲವು ವ್ಯಾಕರಣಗಳ ಪಾಠ ನಡೆಯುತ್ತಿತ್ತು. ಕುರುಡರು, ಕಿವುಡರು, ಕುಂಟರು, ದಿಕ್ಕಿಲ್ಲದವರಿಗೆ ಅನ್ನವಿತ್ತು. ರೋಗಿಗಳಿಗೆ ಔಷಧವಿತ್ತು. ಭಯಪಟ್ಟು ಬಂದವರಿಗೆ ಅಭಯವಿತ್ತು. ಅದೇ ಬಳ್ಳಿಗಾವೆಯಲ್ಲಿ ಗಂಡಭೇರುಂಡದ ಕಂಬವನ್ನು 1047ರಲ್ಲಿ ಮಹಾಮಂಡಳೇಶ್ವರ ಚಾವುಂಡರಾಯ ನಿಲ್ಲಿಸಿದ. ಆ ಸೀಮೆಯಲ್ಲಿ ನೆಲ ಅಳೆಯುವ ಕೋಲಿಗೆ ಭೇರುಂಡ ಗಳೆ ಎಂಬ ಹೆಸರೂ ಬಂತು. ಸಾಮಂತನ ಲಾಂಛನ ರೈತನ ಹೊಲದ ಅಳತೆಗೋಲಾಯಿತು.

ಕೋಟೆಯ ಶಬ್ದಗಳನ್ನು ಹುಡುಕುವಾಗ ಅವು ಪದರ ಪದರವಾಗಿ ಬಿಚ್ಚಿಕೊಳ್ಳುತ್ತವೆ. ಅಗಳು, ಕೊತ್ತಳ, ಆಳ್ವೇರಿ, ತೆನೆ: ಇವು ಹಳೆಯ ಪದರ. ಅಗೆದದ್ದು ಅಗಳು, ಗೋಡೆಯ ಮೇಲಂಚಿನ ಹಲ್ಲುಸಾಲು ಜೋಳದ ತೆನೆಯಂತೆ ಕಂಡದ್ದರಿಂದ ತೆನೆ. ಫಿರಂಗಿ ಬಂದ ಮೇಲೆ ಅರಬ್ಬಿಯಿಂದ ಹೊರಟ ಬುರುಜು ಬಂತು, ಬತೇರಿ ಬಂತು. ಚಿತ್ರದುರ್ಗದ ಏಳು ಸುತ್ತಿನ ಕೋಟೆಯಲ್ಲಿ ಈ ಎರಡು ಪದರಗಳೂ ಜನರ ಬಾಯಲ್ಲಿ ಇಂದಿಗೂ ಒಟ್ಟಿಗಿವೆ. ಅಲ್ಲಿನ ಒಂದು ಬಾಗಿಲ ಹೆಸರು ಉಚ್ಚಂಗಿ ಬಾಗಿಲು.

ಉಚ್ಚಂಗಿಯ ಹೆಸರು ಶಾಸನಗಳಲ್ಲೂ ಮೊಳಗುತ್ತದೆ. ಪಾಂಡ್ಯರ ಕೈಯಲ್ಲಿದ್ದ ಆ ಬೆಟ್ಟದ ಕೋಟೆಯನ್ನು ಚೋಳರು ಹನ್ನೆರಡು ವರ್ಷ ಮುತ್ತಿ ಕೈಚೆಲ್ಲಿದ್ದರು, ಇಮ್ಮಡಿ ಬಲ್ಲಾಳ ಸುಲಭವಾಗಿ ತೆಗೆದುಕೊಂಡ ಎಂದು ಹೊಯ್ಸಳರ ಪ್ರಶಸ್ತಿ ಹೇಳಿಕೊಳ್ಳುತ್ತದೆ. ಶನಿವಾರ ಸಿಕ್ಕಿದ ಗೆಲುವಿಗೆ ಶನಿವಾರಸಿದ್ಧಿ, ಬೆಟ್ಟದ ಕೋಟೆ ಹಿಡಿದದ್ದಕ್ಕೆ ಗಿರಿದುರ್ಗಮಲ್ಲ ಎಂಬ ಬಿರುದುಗಳು ಅವನಿಗೆ ಅಂಟಿದವು. ಇದೇ ಬಲ್ಲಾಳ 1196ರಲ್ಲಿ ಹಾನಗಲ್ಲಿನ ಆನೆಕೆರೆಯ ಬಳಿ ಬೀಡುಬಿಟ್ಟು ಕೋಟೆಗೆ ಮುತ್ತಿಗೆ ಹಾಕಿದಾಗ ಕದಂಬ ಕಾಮದೇವನ ದಂಡನಾಯಕ ಸೋಹಣಿ ಅವನನ್ನು ತಡೆದು ಸತ್ತ. ಆ ಸಂಗತಿಯನ್ನು ಹಾನಗಲ್ಲಿನ ವೀರಗಲ್ಲು ಹೇಳುತ್ತದೆ. ಬಿರುದಾವಳಿ ಓದಿದವರು ಸೋಹಣಿಯ ಕಲ್ಲನ್ನೂ ಓದಲಿ. ಅರಸರ ಪ್ರಶಸ್ತಿಗಳು ಹೇಳದೆ ಬಿಟ್ಟದ್ದನ್ನು ನಮಗೆ ತಿಳಿಸುವುದು ಇಂಥ ಕಲ್ಲುಗಳೇ.

ಹೀಗೆ ಪಟ್ಟಿ ಬೆಳೆಯುತ್ತ ಹೋದಂತೆ ಅದರಲ್ಲಿನ ಒಂದು ಕೊರತೆ ನನ್ನನ್ನು ಕಾಡತೊಡಗಿತು. ಕೊಡುವವನಿಗೆ, ಪಡೆಯುವವನಿಗೆ, ಸಾಯುವವನಿಗೆ, ಪೂಜಿಸುವವನಿಗೆ ಕೈತುಂಬ ಶಬ್ದಗಳಿವೆ. ಆದರೆ ಬೇಗೂರಿನ ಕಲ್ಲು ಹೇಳುವ ಆ ಹನ್ನೆರಡು ಊರುಗಳಲ್ಲಿ ಉತ್ತವರು ಯಾರು? ಒಕ್ಕಲು ಎಂಬ ಮಾತಿದೆ. ಸಿದ್ಧಾಯ, ಕಿರುಕುಳ ಎಂಬ ತೆರಿಗೆಗಳಲ್ಲಿ ಅವರ ಬೆವರಿದೆ. ಇಂದು ‘ಕಿರುಕುಳ’ ಎಂದರೆ ಹಿಂಸೆ. ಚಿಲ್ಲರೆ ತೆರಿಗೆಯ ಹೆಸರಾಗಿದ್ದುದು ಜನರ ಬಾಯಲ್ಲಿ ಈ ಅರ್ಥಕ್ಕೆ ತಿರುಗಿದ್ದನ್ನು ಕಂಡರೆ ಅದನ್ನು ಕಟ್ಟಿದವರ ಸಂಕಟ ತಿಳಿಯುತ್ತದೆ. ಸಂಸ್ಕೃತದ ವಿಷ್ಟಿಯಿಂದ ಬಂದ ‘ಬಿಟ್ಟಿ’ ಎಂದರೆ ಕೂಲಿಯಿಲ್ಲದೆ ಮಾಡಲೇಬೇಕಾದ ದುಡಿಮೆ. ಈಗ ಬಿಟ್ಟಿ ಸಿಕ್ಕಿತು ಎಂದು ಸಂತೋಷದಿಂದ ಹೇಳುತ್ತೇವೆ, ಯಾರದೋ ಬೆನ್ನು ಬಾಗಿದ್ದರಿಂದ ಅದು ಬಿಟ್ಟಿಯಾಯಿತೆಂಬುದು ಮರೆತಿದೆ. ನಾಯಿಗೆ ಕಲ್ಲು ನೆಟ್ಟ ಕಾಲ ಅದು. ಆ ಕಲ್ಲಿನ ಖರ್ಚಿಗೆ ಬಿಟ್ಟ ಎರಡು ಕಂಡುಗ ಗದ್ದೆಯನ್ನು ಉತ್ತವನ ಹೆಸರು ಎಲ್ಲಿಯೂ ಇಲ್ಲ. ಆರ್.ಎಸ್. ಶರ್ಮಾ 1965ರಲ್ಲಿ ‘ಇಂಡಿಯನ್ ಫ್ಯೂಡಲಿಸಂ’ ಬರೆದಂದಿನಿಂದ ಭಾರತದಲ್ಲಿ ಯೂರೋಪಿನಂಥ ಊಳಿಗಮಾನ್ಯ ಇತ್ತೇ ಇಲ್ಲವೇ ಎಂಬ ವಾದ ನಡೆದಿದೆ, ಹರ್‌ಬನ್ಸ್ ಮುಖಿಯಾ ಅವರಂಥವರು ಇಲ್ಲವೆಂದು ಬಲವಾಗಿ ವಾದಿಸಿದ್ದಾರೆ. ನನ್ನ ತೀರ್ಮಾನ ಇಷ್ಟು: ನೆಲ ಇಳಿದುಬಂದ ಮೆಟ್ಟಿಲುಗಳು ಇಲ್ಲಿಯೂ ಇದ್ದವು, ಆದರೆ ಅವನ್ನು ಕಟ್ಟಿದ ಗಾರೆ ಬೇರೆ. ಯೂರೋಪಿನಿಂದ ತಂದ ಅಚ್ಚಿನಲ್ಲಿ ಎರಕ ಹೊಯ್ಯುವ ಮೊದಲು ಜೋಳವಾಳಿ, ಬಾಳ್ಗಚ್ಚು, ಬಿಟ್ಟಿ ಎಂಬ ನಮ್ಮ ಶಬ್ದಗಳನ್ನು ಅವುಗಳ ಮಾತಿನಲ್ಲೇ ಕೇಳಬೇಕು.

ಈ ಶಬ್ದಗಳ ಬಾಲ ಎಲ್ಲಿಯವರೆಗೆ ಬಂದಿದೆ ಎಂದು ನೋಡಲು ಕಂದಾಯದ ಹಳೆಯ ಕಡತಗಳಿಗೂ ಇಳಿದೆ. ಬಾಳ್ಗಚ್ಚು ಅಲ್ಲಿಗೆ ತಲುಪಿಲ್ಲ. ನೆತ್ತರುಗೊಡಗೆಯಲ್ಲಿದ್ದ ಕೊಡಗೆ ಮಾತ್ರ ಕೊಡಗಿ ಎಂಬ ರೂಪದಲ್ಲಿ ತಲುಪಿದೆ. ಮೈಸೂರು ಸಂಸ್ಥಾನದಲ್ಲಿ ಕೆರೆ ಕಟ್ಟಿಸಿದವರಿಗೆ, ಕಾಪಾಡಿದವರಿಗೆ ಹಗುರ ಕಂದಾಯದ ಮೇಲೆ ಬಿಟ್ಟ ನೆಲ ಕಟ್ಟುಕೊಡಗಿ. ಮಂಡ್ಯದ ಕಡೆಯ ಒಂದು ಕೆರೆಯ ಕೆಳಗೆ ಬದುವಿನ ಮೇಲೆ ಕೂತಿದ್ದ ಹಿರಿಯರೊಬ್ಬರನ್ನು ಕೇಳಿದೆ: “ಯಜಮಾನ್ರೇ, ಈ ಗದ್ದೆಗೆ ಏನಂತಾರೆ?”

“ಇದ್ಕಾ? ಕೊಡಗಿ ಗದ್ದೆ ಅಂತಾರೆ ಸಾಮಿ. ತೂಬು ನೋಡ್ಕಳೋರ್ಗೆ ಹಿಂದ್ಲಿಂದ ಬುಟ್ಟಿದ್ದು.”

“ಯಾರು ಬಿಟ್ಟಿದ್ದು?”

“ಅದ್ಯಾರ್ ಕಂಡವ್ರೆ? ನಮ್ ತಾತ್ನೂ ಅಂಗೇ ಅನ್ನೋನು.”

ಇನಾಂ ರದ್ದಿಯಾತಿಯ ಕಾಯಿದೆಗಳು ಮೈಸೂರಿನಲ್ಲಿ 1954, 1955ರಲ್ಲಿ ಬಂದವು. ಗ್ರಾಮಾಧಿಕಾರಿ ಹುದ್ದೆಗಳನ್ನು ರದ್ದುಮಾಡಿದ ಕಾಯಿದೆ 1961ರದು. ಉತ್ತವನಿಗೆ ನೆಲ ಸಿಗಲೇಬೇಕಿತ್ತು, ಆ ಕಾಯಿದೆಗಳು ತಡವಾಗಿಯಾದರೂ ಬಂದದ್ದು ಒಳ್ಳೆಯದೇ. ಮಾನ್ಯಗಳು ಹೋದವು, ಪೆರ್ಗಡೆ ಹೆಗ್ಗಡೆಯಾಗಿ, ಗಾವುಂಡ ಗೌಡನಾಗಿ, ಸೇನಬೋವ ಶಾನುಭೋಗನಾಗಿ ಮನೆತನದ ಹೆಸರುಗಳಲ್ಲಿ ಉಳಿದರು. ಆದರೆ ರದ್ದಾದ ನೆಲದ ಜೊತೆಗೆ ಅದರ ಹೆಸರೂ ಪಹಣಿಯಿಂದ ಜಾರುತ್ತಿದೆ. ಸರ್ವೆ ನಂಬರು ಇದ್ದರೆ ಸಾಕು, ಹೊಲಕ್ಕೆ ಹೆಸರೇಕೆ ಎಂದು ಗಣಕಯಂತ್ರ ಕೇಳುತ್ತದೆ.

ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ನಮ್ಮ ಹೆಮ್ಮೆ. ಅದರ ಮುಂದಿನ ಪರಿಷ್ಕರಣಕ್ಕೆ ಶಾಸನಗಳ ಈ ಶಬ್ದಗಳನ್ನು ಕಾಲ, ಊರು, ಸಂದರ್ಭದ ಸಮೇತ ಸೇರಿಸುವ ಕೆಲಸವನ್ನು ನಮ್ಮ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳು ಕೈಗೆತ್ತಿಕೊಳ್ಳಬೇಕು. ಓದುಗರಲ್ಲಿ ನನ್ನ ಬೇಡಿಕೆ ಇನ್ನೂ ಚಿಕ್ಕದು. ನಿಮ್ಮ ಊರ ಕೆರೆಯ ಏರಿಯ ಮೇಲೆ, ಈಶ್ವರನ ಗುಡಿಯ ಹಿಂದೆ ಬರಹವಿರುವ ವೀರಗಲ್ಲು ಇದ್ದರೆ ಅದಕ್ಕೆ ಬಣ್ಣ ಬಳಿಯಲು ಬಿಡಬೇಡಿ, ಚರಂಡಿಗೆ ಹಾಸಲು ಬಿಡಬೇಡಿ. ಪುರಾತತ್ತ್ವ ಇಲಾಖೆಗೋ ಹತ್ತಿರದ ಕಾಲೇಜಿನ ಇತಿಹಾಸದ ಮೇಷ್ಟರಿಗೋ ತಿಳಿಸಿ. ಊರಿನ ಹಿರಿಯರು ಇನ್ನೂ ಇರುವಾಗಲೇ ಹೊಲಗದ್ದೆಗಳ ಹೆಸರುಗಳನ್ನು ಕೇಳಿ, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.